ಬರಿದಾದ ಮಂದಿರದಲ್ಲಿ ‘ಪಾರ್ಸಿಫಾಲ್’

ಜರ್ಮನಿಯ ಸಂಗೀತನಾಟಕಕಾರ ರಿಚರ್ಡ್ ವಾಗ್ನರನ ಕಡೆಯ ಕೃತಿಯಾದ ‘ಪಾರ್ಸಿಫಾಲ್’ 1882ರ ಜುಲೈ 26ರಂದು ಬೈರಾಯ್ಟ್ ಪಟ್ಟಣದಲ್ಲಿ ಆತನೇ ಕಟ್ಟಿಸಿದ ರಂಗಮಂದಿರದಲ್ಲಿ ಮೊದಲು ಪ್ರಯೋಗಗೊಂಡಿತು. ಇದು ಕಾಲಕ್ಷೇಪಕ್ಕಾಗಿ ಊರೂರು ತಿರುಗತಕ್ಕ ಆಟವಲ್ಲ, ಆ ಒಂದೇ ಮಂದಿರದಲ್ಲಿ ನಡೆಯತಕ್ಕ ಉತ್ಸವವೆಂಬುದು ಆತನ ಸಂಕಲ್ಪವಾಗಿದ್ದಿತು. ಆ ಸಂಕಲ್ಪವು ಬಹುಕಾಲ ನಿಲ್ಲಲಿಲ್ಲ. 1903ರಲ್ಲಿ ನ್ಯೂಯಾರ್ಕಿನವರು ಬೈರಾಯ್ಟಿನ ವಿರೋಧವನ್ನು ಲೆಕ್ಕಿಸದೆ ಅದನ್ನು ಆಡಿದರು. 1913ರ ಕೊನೆಗೆ ಗ್ರಂಥಸ್ವಾಮ್ಯದ ಅವಧಿಯು ಮುಗಿಯಲು ಯೂರೋಪಿನ ರಂಗಗಳಿಗೆಲ್ಲ ಅದು ದೊರೆಯಿತು. ಧ್ವನಿಮುದ್ರಿಕೆಯಂತೂ ಅದನ್ನು ಮನೆಗಳಿಗೇ ತಂದಿತು.

ಕಥೆಯ ತಿರುಳು ಕರುಣೆ. ಪವಿತ್ರಪಾತ್ರೆಯನ್ನು ಕಾಯುವ ಅರಸ ಆಂಫೋರ್ಟಸನಿಗೆ ಪಾವನವಾದ ಈಟಿಯಿಂದಲೇ ಆದ ಗಾಯವು ಮಾಯದು. ಏನನ್ನೂ ಅರಿಯದ ಹುಡುಗ ಪಾರ್ಸಿಫಾಲನು ಹಂಸವೊಂದನ್ನು ಬಾಣದಿಂದ ಕೆಡಹುವನು; ವೃದ್ಧನಾದ ಗುರ್ನೆಮಂಟ್ಸನು ಸತ್ತ ಹಕ್ಕಿಯನ್ನು ತೋರಿಸಲು, ತನ್ನ ಬಿಲ್ಲನ್ನು ತಾನೇ ಮುರಿಯುವನು. ಮುಂದೆ ಕುಂಡ್ರಿಯೆಂಬ ಸ್ತ್ರೀಯು ಮೋಹಗೊಳಿಸಲೆಂದು ಮುತ್ತಿಟ್ಟಾಗ ಆತನಲ್ಲಿ ಎಚ್ಚರಗೊಳ್ಳುವುದು ಕಾಮವಲ್ಲ, ಆ ಅರಸನ ನೋವು.

ಈ ಕರುಣೆಯ ಒಂದು ಸೆಲೆಯು ಭಾರತದ್ದು. ಚಂಡಾಲಕನ್ಯೆಯಾದ ಪ್ರಕೃತಿ, ಬುದ್ಧಶಿಷ್ಯನಾದ ಆನಂದ ಇವರ ಕಥೆಯನ್ನು ‘ವಿಜಯಿಗಳು’ ಎಂಬ ನಾಟಕವಾಗಿಸಲು ವಾಗ್ನರನು 1856ರಲ್ಲಿ ಕರಡನ್ನು ಬರೆದನು. ಅದು ಪೂರ್ಣವಾಗಲಿಲ್ಲ, ಆದರೆ ಜನ್ಮಾಂತರದ ಪಾಪವನ್ನು ಹೊತ್ತು ಅಲೆಯುವ ಕುಂಡ್ರಿಯಲ್ಲಿ ಅದರ ನೆರಳು ಉಳಿಯಿತು.

ಇಂಥ ಕೃತಿಯನ್ನು ರಚಿಸಿದವನೇ ಯೆಹೂದ್ಯರನ್ನು ಹಳಿದು ಬರೆಹಗಳನ್ನು ಪ್ರಕಟಿಸಿದ್ದನು. ಮೊದಲ ಪ್ರಯೋಗದಲ್ಲಿ ವಾದ್ಯವೃಂದವನ್ನು ನಡೆಸಿದವನೋ ಯೆಹೂದ್ಯ ಧರ್ಮಗುರುವಿನ ಮಗನಾದ ಹರ್ಮನ್ ಲೆವಿ. ಮತಾಂತರಕ್ಕೆ ವಾಗ್ನರನು ಒತ್ತಾಯಪಡಿಸಿದರೂ ಲೆವಿಯು ಸ್ವಧರ್ಮವನ್ನು ಬಿಡಲಿಲ್ಲ. ನಾಟಕವು ಬೋಧಿಸುವ ಕರುಣೆಯನ್ನು ನಾಟಕಕಾರನು ಸಕಲರಿಗೂ ಸಲ್ಲಿಸಲಾರದೆ ಹೋದನು. ಸಹೃದಯರು ಇದನ್ನು ಮರೆತು ಕೇಳಬೇಕಾದುದಿಲ್ಲ. ಕರ್ತೃವಿಗೆ ಎಟುಕದುದು ಕೃತಿಗೆ ಎಟುಕುವುದುಂಟು.

ಇದರ ಈಚಿನ ಮುದ್ರಿಕೆಗಳಲ್ಲಿ ಒಂದು ವಿಯೆನ್ನಾದ ಸರ್ಕಾರೀ ಗೇಯನಾಟಕಶಾಲೆಯದು. 2021ರ ಏಪ್ರಿಲಿನಲ್ಲಿ, ಸಾಂಕ್ರಾಮಿಕದ ನಿಮಿತ್ತ ಪ್ರೇಕ್ಷಕರಿಲ್ಲದ ಮಂದಿರದಲ್ಲಿ ಅದು ನಡೆಯಿತು. ಸೋನಿ ಸಂಸ್ಥೆಯು 2024ರಲ್ಲಿ ಅದನ್ನು ಹೊರತಂದಿತು. ಫಿಲಿಪ್ ಜೋರ್ಡಾನರು ವಾದ್ಯವೃಂದವನ್ನು ನಡೆಸಿದರು. ಯೋನಾಸ್ ಕೌಫ್ಮನ್ನರು ಪಾರ್ಸಿಫಾಲನಾಗಿಯೂ, ಎಲೀನಾ ಗರಾಂಚಾ ಅವರು ಮೊದಲ ಬಾರಿಗೆ ಕುಂಡ್ರಿಯಾಗಿಯೂ ಹಾಡಿದರು. ನಿರ್ದೇಶಕ ಕಿರಿಲ್ ಸೆರೆಬ್ರೆನ್ನಿಕೋವರಿಗೆ ರಷ್ಯಾವನ್ನು ಬಿಟ್ಟು ಹೊರಡಲು ಅನುಮತಿಯಿರಲಿಲ್ಲ. ಅವರು ಮಾಸ್ಕೋದಲ್ಲಿದ್ದುಕೊಂಡೇ ದೂರದಿಂದ ಪ್ರಯೋಗವನ್ನು ನಡೆಸಿಕೊಟ್ಟರು. ಅವರು ರಂಗದ ಮೇಲೆ ಕಟ್ಟಿದ ಸೆರೆಮನೆಯು ಮುದ್ರಿಕೆಯನ್ನು ಕೇಳುವವರಿಗೆ ಕಾಣದು. ಕೇಳುವುದು ನೊಂದವರ ಧ್ವನಿಯೊಂದೇ.

‘ಪಾರ್ಸಿಫಾಲ’ನ ಮೊದಲನೆಯ ಅಂಕದ ತರುವಾಯ ಚಪ್ಪಾಳೆ ತಟ್ಟದಿರುವ ವಾಡಿಕೆಯು ಬೈರಾಯ್ಟಿನಲ್ಲಿ ಬೆಳೆದುಬಂದಿತು. ವಿಯೆನ್ನಾದಲ್ಲಿ ಆ ದಿನ ಮೂರನೆಯ ಅಂಕವು ಮುಗಿದು ಅರಸನ ಗಾಯವು ಮಾಯ್ದ ಮೇಲೂ ಚಪ್ಪಾಳೆ ತಟ್ಟುವ ಜನಸಮೂಹವು ಅಲ್ಲಿರಲಿಲ್ಲ.