9999 ಆಟ

ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಬಿಟ್ಟಿದ್ದು 1983ರಲ್ಲಿ. 1990ಕ್ಕೆ ಸೂಪರ್ ಫ್ಯಾಮಿಕಾಮ್, 1996ಕ್ಕೆ ನಿಂಟೆಂಡೊ 64, 2001ಕ್ಕೆ ಗೇಮ್‌ಕ್ಯೂಬ್. ಇವ್ಯಾವೂ ನಮ್ಮ ಕಾಕಾನ ತಿಕೋಟಾದ ಮನೆ ಕಾಣಲಿಲ್ಲ. 2003ರಲ್ಲಿ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕಾಕಾ ವಿಜಯಪುರದಿಂದ (ಆಗಿನ್ನೂ ಬಿಜಾಪುರ) ತಂದ ಟಿವಿ ಗೇಮ್, ಆ 1983ರದ್ದೇ ನಕಲು. ಕ್ಯಾಸೆಟ್ ಮೇಲೆ '9999 ಇನ್ 1' ಅಂತಿತ್ತು. ನಾನೂ ಕಾಕಾನ ಮಗನೂ ಕೂತು ಎಣಿಸಿದ್ವಿ: ಅವೇ ಹತ್ತಿಪ್ಪತ್ತು ಆಟ, ತಿರುಗಿ ತಿರುಗಿ.

ಆಡಿದ್ದು ಅದರಲ್ಲಿ ಸೇವ್ ಆಗ್ತಿರಲಿಲ್ಲ. ಮಾರಿಯೋ ಎಂಟನೇ ವರ್ಲ್ಡ್ ಮುಟ್ಟೋ ಹೊತ್ತಿಗೆ ಲೋಡ್‌ಶೆಡ್ಡಿಂಗ್. ಮತ್ತೆ ಮೊದಲಿಂದ. ಒಂದು ಮಧ್ಯಾಹ್ನ ಸಿಟ್ಟಿಗೆ ವೈರ್ ಜಗ್ಗಿದೆ, ಟಿವಿ ಮೇಲಿನ ಡಬ್ಬಿ ಬಿದ್ದು ಒಡೀತು. "ನಾನೇ ಕೆಡವಿದೆ" ಅಂತ ಹೇಳಿ ಅಂವ ಹೊಡೆತ ತಿಂದ. ನಾನು ಮರುದಿನ ಬಸ್ ಹತ್ತಿ ಬಬಲೇಶ್ವರಕ್ಕೆ ಬಂದುಬಿಟ್ಟೆ.

ಹೋದ ದೀಪಾವಳಿಗೆ ಬೆಂಗಳೂರಿಂದ ಪ್ಲೇಸ್ಟೇಷನ್ 5 ಒಯ್ದಿದ್ದೆ. ಅಂವ ತೋಟದಿಂದ ಬಂದವನೇ ಕೈ ತೊಳಕೊಂಡು ಹಿಡಿದು ನೋಡಿದ.

"ಕರೆಂಟ್ ಹೋದ್ರ ಆಡಿದ್ದು ಉಳೀತೈತೇನೋ?"

"ಉಳೀತೈತಿ."

"ಹಂಗಾರ ಕೂಡು."

ರಾತ್ರಿ ಎರಡರ ತನಕ ಆಡಿದ್ವಿ. ಆ ಡಬ್ಬಿಯ ಮಾತು ನಾನು ತೆಗೀಲೇ ಇಲ್ಲ.