ಏನೂ ಹೇಳದಿದ್ದರೆ ಏನು ಮಾಡಬೇಕು?

ಹೋಟೆಲಿನಲ್ಲಿ "ಒಂದು ಕಾಫಿ" ಅಂದರೆ ಸಕ್ಕರೆ ಹಾಕಿದ ಕಾಫಿಯೇ ಬರುತ್ತದೆ. ಸಕ್ಕರೆ ಬೇಡದವರು ಮೊದಲೇ ಹೇಳಬೇಕು. ನಾವು ಹೇಳದೇ ಬಿಟ್ಟದ್ದನ್ನು ಹೋಟೆಲಿನವರೇ ತೀರ್ಮಾನ ಮಾಡಿರುತ್ತಾರೆ. ಇದಕ್ಕೆ ನಮ್ಮ ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಡೀಫಾಲ್ಟ್ ಅಂತ ಹೆಸರು. ಟೈಪ್ ಮಾಡಿ ಓಡಿಸುವ ಕಮಾಂಡ್‌ಗಳಲ್ಲಂತೂ ಇದರದ್ದೇ ಕಾರುಬಾರು. ಅಲ್ಲಿ ಬಟನ್ ಇಲ್ಲ, ಮೆನು ಇಲ್ಲ, ಮಿಣುಕುವ ಒಂದು ಕರ್ಸರ್ ಅಷ್ಟೇ.

ಕಳೆದ ತಿಂಗಳು ನಮ್ಮ ಟೀಮಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಟಾಪಟಿ. ಸರ್ವರ್‌ಗಳಲ್ಲಿ ತುಂಬಿಕೊಳ್ಳುವ ಹಳೇ ಲಾಗ್ ಫೈಲ್‌ಗಳನ್ನು ಅಳಿಸುವ ಒಂದು ಟೂಲ್ ಬರೆಯಬೇಕಿತ್ತು. ಬಳಸುವವರು ಎರಡು ಥರ. ಹತ್ತು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿರುವವರು, ಮತ್ತು ಮೂರು ತಿಂಗಳ ಹಿಂದೆ ಸೇರಿದ ಸಪೋರ್ಟ್ ಹುಡುಗ ಹುಡುಗಿಯರು. ಬರೀ ಟೂಲಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಏನಾಗಬೇಕು? ತಕ್ಷಣ ಅಳಿಸಬೇಕೋ, "ಅಳಿಸಲೇ?" ಅಂತ ಕೇಳಬೇಕೋ?

"ಆರ್‌ಎಂ ಕೇಳುತ್ತಾ?" ಅಂದರು ಸೀನಿಯರ್ ಒಬ್ಬರು. ನಿಜ, ಯೂನಿಕ್ಸ್‌ನ ಆರ್‌ಎಂ ಸಾಮಾನ್ಯವಾಗಿ ಕೇಳುವುದಿಲ್ಲ, ಸುಮ್ಮನೆ ಅಳಿಸುತ್ತದೆ. ಆದರೆ ಅದಕ್ಕೂ ಮಿತಿ ಇದೆ. ಇಡೀ ರೂಟ್ ಡೈರೆಕ್ಟರಿಯನ್ನೇ ಅಳಿಸು ಅಂದರೆ ಗ್ನೂ ಆವೃತ್ತಿ 2006ರಿಂದ ಒಪ್ಪುವುದಿಲ್ಲ. ಬೇಕೇ ಬೇಕು ಅನ್ನುವವರು ಉದ್ದದ ಬೇರೊಂದು ಆಪ್ಷನ್ ಕೊಡಬೇಕು.

ಹಾಗಾದರೆ ಪ್ರತಿ ಸಲ ಕೇಳಿದರಾಯಿತಲ್ಲ? ಕೆಲವು ಲಿನಕ್ಸ್‌ಗಳಲ್ಲಿ ರೂಟ್ ಬಳಕೆದಾರನಿಗೆ ಆರ್‌ಎಂ ಅಂದರೆ 'ಆರ್‌ಎಂ ಮೈನಸ್ ಐ' ಅಂತ ಮೊದಲೇ ಜೋಡಿಸಿರುತ್ತಾರೆ, ಒಂದೊಂದು ಫೈಲಿಗೂ ಕೇಳುತ್ತದೆ. ನಾಲ್ಕೇ ದಿನದಲ್ಲಿ ಬೆರಳು ಓದದೇ 'ವೈ' ಒತ್ತುವುದನ್ನು ಕಲಿಯುತ್ತದೆ. ಇನ್ನೂ ಅಪಾಯವೆಂದರೆ, ಕೇಳುತ್ತದೆ ಅನ್ನೋ ಧೈರ್ಯದಲ್ಲಿ ಕೇಳದಿರುವ ಬೇರೆ ಮೆಷಿನ್‌ನಲ್ಲಿ ಟೈಪ್ ಮಾಡುವುದು!

ಗಿಟ್‌ನವರ ನಿರ್ಧಾರ ನನಗೆ ಇಷ್ಟ. ಮೊದಲು ಬರೀ 'ಗಿಟ್ ಪುಶ್' ಅಂದರೆ, ಸರ್ವರ್‌ನಲ್ಲೂ ಅದೇ ಹೆಸರಿರುವ ನಮ್ಮ ಎಲ್ಲಾ ಬ್ರಾಂಚ್‌ಗಳೂ ಹೋಗುತ್ತಿದ್ದವು. ಜೊತೆಗೆ ಫೋರ್ಸ್ ಸೇರಿಸಿದರೆ ಪಕ್ಕದವರ ಕೆಲಸವೂ ಢಮಾರ್. 2014ರಲ್ಲಿ ಬಂದ ಗಿಟ್ 2.0ದಲ್ಲಿ, ಈಗ ಕೆಲಸ ಮಾಡುತ್ತಿರುವ ಬ್ರಾಂಚ್ ಮಾತ್ರ ಹೋಗುವ ಹಾಗೆ ಮಾಡಿದರು. ಹಳೇದೇ ಬೇಕಾದ ಪಂಡಿತರು ಒಂದು ಸಾಲಿನ ಸೆಟ್ಟಿಂಗ್ ಬದಲಾಯಿಸಿಕೊಂಡರೆ ಮುಗಿಯಿತು. ಹೊಸಬನಿಗೆ ಅಂಥದ್ದೊಂದು ಸೆಟ್ಟಿಂಗ್ ಇದೆ ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಡೀಫಾಲ್ಟ್ ಇರಬೇಕಾದದ್ದು, ಅದನ್ನು ಬದಲಾಯಿಸಲು ಗೊತ್ತಿಲ್ಲದವನಿಗಾಗಿ.

ಮೂರನೆಯ ಬಳಕೆದಾರನೂ ಒಬ್ಬನಿದ್ದಾನೆ, ನಾವೆಲ್ಲ ಮರೆಯುವವನು: ಸ್ಕ್ರಿಪ್ಟ್. ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಸ್ಕ್ರಿಪ್ಟಿಗೆ "ಅಳಿಸಲೇ?" ಅಂತ ಕೇಳಿದರೆ ಉತ್ತರ ಕೊಡುವವರು ಯಾರು? 2016ರಲ್ಲಿ ಗ್ನೂ ಎಲ್‌ಎಸ್, ಸ್ಪೇಸ್ ಇರುವ ಫೈಲ್ ಹೆಸರುಗಳನ್ನು ಕೋಟ್ ಚಿಹ್ನೆಯೊಳಗೆ ತೋರಿಸಲು ಶುರು ಮಾಡಿದಾಗ ಹಳಬರು ಕೂಗಾಡಿದರು. ಆದರೆ ಅದು ಪರದೆಯ ಮೇಲೆ ಮಾತ್ರ. ಔಟ್‌ಪುಟ್ ಇನ್ನೊಂದು ಪ್ರೋಗ್ರಾಂಗೆ ಹೋಗುವಾಗ ಹಳೇ ರೂಪವೇ. ಡೆಬಿಯನ್‌ನವರು ಇನ್ನೂ ಜಾಣರು. ಮನುಷ್ಯರಿಗೆ 'ಆಪ್ಟ್' ಅಂತ ಬೇರೆಯೇ ಕಮಾಂಡ್ ಕೊಟ್ಟು, ಸ್ಕ್ರಿಪ್ಟ್‌ಗಳಿಗೆ ಹಳೇ 'ಆಪ್ಟ್-ಗೆಟ್' ಅನ್ನು ಹಾಗೇ ಬಿಟ್ಟರು.

ಕೊನೆಗೆ ನಾವು ಒಪ್ಪಿದ್ದು ಇಷ್ಟು. ಬರೀ ಹೆಸರು ಟೈಪ್ ಮಾಡಿದರೆ ಏನೂ ಅಳಿಸುವುದಿಲ್ಲ. ಅಳಿಸಬಹುದಾದ ಫೈಲ್‌ಗಳ ಪಟ್ಟಿ, ಒಟ್ಟು ಸೈಜ್ ತೋರಿಸುತ್ತದೆ. ಅಳಿಸಬೇಕಾದರೆ 'ಡಿಲೀಟ್' ಅಂತ ಆಪ್ಷನ್ ಕೊಡಬೇಕು. ಕೊಟ್ಟ ಮೇಲೆ ಪ್ರಶ್ನೆ ಇಲ್ಲ. ಸ್ಕ್ರಿಪ್ಟಿನಲ್ಲೂ ಆ ಪದ ಇರಲೇಬೇಕು, ಮುಂದೆ ಓದುವವನಿಗೆ ಏನು ನಡೆಯುತ್ತಿದೆ ಅಂತ ಕಾಣುತ್ತದೆ. "ಸುಮ್ನೆ ಜಾಸ್ತಿ ಟೈಪಿಂಗ್" ಅಂತ ಗೊಣಗಿದ ಸೀನಿಯರ್ ಅರ್ಧ ನಿಮಿಷದಲ್ಲಿ ತಮಗೊಂದು ಅಲಿಯಾಸ್ ಮಾಡಿಕೊಂಡರು.

ಮೊದಲ ವಾರವೇ ಸಪೋರ್ಟ್ ಹುಡುಗಿಯೊಬ್ಬಳು ಆ ಪಟ್ಟಿಯನ್ನು ಸಾಲುಸಾಲಾಗಿ ಓದಿ, "ಇದ್ರಲ್ಲಿ ಬಿಲ್ಲಿಂಗ್ ಲಾಗ್ ಕೂಡ ಇದೆ, ಇದನ್ನ ಅಳಿಸೋ ಹಾಗಿಲ್ಲ ಅಲ್ವಾ?" ಅಂದಳು. ಯಾರೋ ಬಿಟ್ಟುಹೋದ ಹಳೇ ಕಾನ್ಫಿಗ್ ಫೈಲಿನಲ್ಲಿ ಆ ಫೋಲ್ಡರ್ ಸೇರಿಕೊಂಡಿತ್ತು. ಅನುಭವಸ್ಥರು ಯಾರೂ ಆ ಪಟ್ಟಿಯನ್ನು ಓದಿರಲಿಲ್ಲ.

ನೀವು ಹೊಸ ಮೆಷಿನ್ ಸಿಕ್ಕ ತಕ್ಷಣ ಮೊದಲು ಬದಲಾಯಿಸುವ ಡೀಫಾಲ್ಟ್ ಯಾವುದು? ಅದು ಯಾರಿಗಾಗಿ ಹಾಗಿತ್ತು ಅಂತ ಯಾವತ್ತಾದರೂ ಯೋಚಿಸಿದ್ದೀರಾ?