ಆರು ಜನ, ಒಂದು ಟ್ರೇಲರ್, ಒಂದು ಹಳೇ ವ್ಯಾನ್

ನಮ್ಮ ಮನೆ ಮುಂದೆ ನಿಂತಿರೋ ಗಾಡಿ ನೋಡಿದ ಸ್ನೇಹಿತರೆಲ್ಲ ಕೇಳೋದು ಒಂದೇ ಪ್ರಶ್ನೆ: "ಏನ್ ಗುರು, ಕೋಡಿಂಗ್ ಬಿಟ್ಟು ಸ್ಕೂಲ್ ವ್ಯಾನ್ ಓಡಿಸ್ತಿದ್ದೀಯಾ?"

ತಪ್ಪೇನಿಲ್ಲ, ಹಾಗೇ ಕಾಣುತ್ತೆ. ಬಿಳಿ ಬಣ್ಣ, ಹನ್ನೆರಡು ಸೀಟು, 2016ರ ಷೆವರ್ಲೆ ಎಕ್ಸ್‌ಪ್ರೆಸ್ 3500. ನನಗೀಗ 31. ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಜೊತೆಯವರೆಲ್ಲ ಎಲೆಕ್ಟ್ರಿಕ್ ಕಾರು ತಗೊಳ್ಳೋ ಹೊತ್ತಲ್ಲಿ ನಾನು ಯಾವುದೋ ಹೋಟೆಲ್ಲಿನ ಶಟಲ್ ಆಗಿದ್ದ ವ್ಯಾನ್ ತಂದು ನಿಲ್ಲಿಸಿದ್ದೀನಿ. ಯಾಕೆ ಅನ್ನೋದಕ್ಕೆ ಹೋದ ವರ್ಷದ ಹತ್ತು ಸೆಕೆಂಡಿನ ಕಥೆ ಹೇಳಬೇಕು.

ಅಪ್ಪ ಅಮ್ಮ ಹಾಸನದಿಂದ ಆರು ತಿಂಗಳಿಗೆ ಬಂದಿದ್ದರು. ಅಮ್ಮನಿಗೆ ಹೊರಗಿನ ಊಟ ಆಗಲ್ಲ, ಅಪ್ಪನಿಗೆ ಮಂಡಿ ನೋವು, ನಮಗೆ ನಾಲ್ಕು ವರ್ಷದ ಮಗಳು, ಒಂದು ವರ್ಷದ ಮಗ. ಅಡುಗೆಮನೆ, ಹಾಸಿಗೆ, ಬಾತ್‌ರೂಮ್ ಎಲ್ಲ ಜೊತೆಗೇ ಬರೋ ಟ್ರಾವೆಲ್ ಟ್ರೇಲರ್‌ಗಿಂತ ಒಳ್ಳೇ ಉಪಾಯ ಇದೆಯಾ? ಬಾಡಿಗೆಗೆ ಒಂದು ತಗೊಂಡೆ. ನಮ್ಮ ಹತ್ತಿರ ಮೂರು ಸಾಲಿನ ಎಸ್‌ಯುವಿ ಇತ್ತು. ಅದರ ಎಳೆಯುವ ಸಾಮರ್ಥ್ಯ 5,000 ಪೌಂಡ್ ಅಂತ ಕಂಪನಿಯ ಕೈಪಿಡಿಯಲ್ಲೇ ಬರೆದಿತ್ತು. ಟ್ರೇಲರ್‌ನ ಖಾಲಿ ತೂಕ 3,800. ಇನ್ನೂ 1,200 ಪೌಂಡ್ ಉಳಿಯುತ್ತಲ್ಲ! ಲೆಕ್ಕ ಮುಗೀತು ಅಂದುಕೊಂಡೆ.

ಹೊರಡೋ ದಿನ ಟ್ರೇಲರ್ ಕೊಕ್ಕೆಗೆ ಹಾಕಿದ ತಕ್ಷಣ ಕಾರಿನ ಹಿಂಭಾಗ ಕುಸಿದು ಕೂತಿತು. "ಭಾರ ಜಾಸ್ತಿ ಆಯ್ತೇನೋ" ಅಂದಳು ಹೆಂಡತಿ. ನಾನು ಎಂಜಿನಿಯರ್ ಅಲ್ವಾ? ಇಪ್ಪತ್ತೈದು ಕಿಲೋ ಸೋನಾ ಮಸೂರಿ ಚೀಲ, ನೀರಿನ ಕ್ಯಾನುಗಳು, ಅಮ್ಮ ಬಿಟ್ಟು ಬರಲ್ಲ ಅಂತ ಹಟ ಹಿಡಿದ ವೆಟ್ ಗ್ರೈಂಡರ್, ಎಲ್ಲವನ್ನೂ ಟ್ರೇಲರ್‌ನ ತೀರಾ ಹಿಂದಿನ ಗೂಡಿಗೆ ಸಾಗಿಸಿದೆ. ಕಾರು ಮೇಲೆದ್ದು ಸಮವಾಯ್ತು. "ನೋಡು, ಬಗ್ ಫಿಕ್ಸ್" ಅಂತ ಬೀಗಿದೆ.

ನಾವು ಹೊರಟಿದ್ದು ಮೋನೋ ಸರೋವರಕ್ಕೆ. ಐ-80ರಲ್ಲಿ ಬೆಟ್ಟ ದಾಟಿ ರೀನೋ, ಅಲ್ಲಿಂದ ದಕ್ಷಿಣಕ್ಕೆ ಕಾರ್ಸನ್ ಸಿಟಿ ದಾರಿ. ಮಧ್ಯೆ ವಾಶೋ ಕಣಿವೆ ಸಿಗುತ್ತೆ. ಅಡ್ಡಗಾಳಿಗೆ ಹೆಸರಾದ ಜಾಗ, ಗಾಳಿ ಜೋರಾದ ದಿನ ಎತ್ತರದ ವಾಹನಗಳನ್ನ ಅಲ್ಲಿ ಬಿಡೋದೇ ಇಲ್ಲ. ಅವತ್ತು ಅಂಥ ಗಾಳಿಯೇನೂ ಇರಲಿಲ್ಲ. ಪಕ್ಕದಲ್ಲಿ ದೊಡ್ಡ ಟ್ರಕ್ ಒಂದು ನಮ್ಮನ್ನ ದಾಟಿ ಹೋಯ್ತು, ಅಷ್ಟೇ. ಟ್ರೇಲರ್ ಒಮ್ಮೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಆಮೇಲೆ ನಿಲ್ಲಲಿಲ್ಲ. ನಾಯಿ ತನ್ನ ಬಾಲ ಆಡಿಸೋದಲ್ಲ, ಬಾಲವೇ ನಾಯಿಯನ್ನ ಆಡಿಸಿದ ಹಾಗೆ. ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಇನ್ನೂ ಜಾಸ್ತಿಯಾಯ್ತು.

ಅದು ಮಾಡಬಾರದ ಕೆಲಸ ಅಂತ ಆಮೇಲೆ ಕಲಿತೆ. ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ತೆಗೆದು, ಸ್ಟೀರಿಂಗ್ ನೇರ ಹಿಡಿದು, ಡ್ಯಾಶ್‌ಬೋರ್ಡ್ ಕೆಳಗಿರೋ ಬ್ರೇಕ್ ಕಂಟ್ರೋಲರ್‌ನ ಸಣ್ಣ ಹಿಡಿ ಒತ್ತಿ ಟ್ರೇಲರ್‌ನ ಬ್ರೇಕ್ ಮಾತ್ರ ಹಾಕಬೇಕು. ಆ ಹಿಡಿ ಯಾಕಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹೇಗೋ ರಸ್ತೆ ಅಂಚಿಗೆ ಬಂದು ನಿಂತೆವು. ಹಿಂದಿನ ಸಾಲಲ್ಲಿ ಮಗ ಅಳ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡು ಏನೋ ಗೊಣಗ್ತಾ ಇದ್ದರು.

ಅಲ್ಲಿಂದಲೇ ವಾಪಸ್ ಬಂದ್ವಿ. ದಾರಿಯುದ್ದಕ್ಕೂ ನಲವತ್ತರ ಮೇಲೆ ಹೋಗಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: "ನೀವು ಹೋಗಿ ಬನ್ನಿ. ಇನ್ಮೇಲೆ ನಾವು ಮನೇಲೇ ಇರ್ತೀವಿ." ಉಳಿದ ನಾಲ್ಕು ತಿಂಗಳು ಅವರು ವಾಕಿಂಗ್ ಬಿಟ್ಟು ಎಲ್ಲೂ ಹೋಗಲಿಲ್ಲ. ಅದು ನನಗೆ ಆ ಹತ್ತು ಸೆಕೆಂಡಿಗಿಂತ ಜಾಸ್ತಿ ಕಾಡಿತು.

ಅವರು ಊರಿಗೆ ಹೋದ ಮೇಲೆ ಓದೋಕೆ ಕೂತೆ. ಎಳೆಯೋ ಸಾಮರ್ಥ್ಯ ಅನ್ನೋದು ಜಾಹೀರಾತಿನ ಸಂಖ್ಯೆ. ನಿಜವಾದ ಮಿತಿ ಡ್ರೈವರ್ ಬಾಗಿಲು ತೆಗೆದರೆ ಅಂಚಲ್ಲಿ ಕಾಣೋ ಹಳದಿ ಸ್ಟಿಕರ್‌ನಲ್ಲಿ ಇರುತ್ತೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಇದೇ ಪೇಲೋಡ್, ಗಾಡಿ ತನ್ನ ಮೈಮೇಲೆ ಹೊರಬಹುದಾದ ಭಾರ. ನಮ್ಮ ಎಸ್‌ಯುವಿದು 1,300. ಮಕ್ಕಳ ಸೀಟೂ ಸೇರಿ ನಾವು ಆರು ಜನ ಸುಮಾರು 700. ಕಾರಲ್ಲಿಟ್ಟ ಸಾಮಾನು 200. ಉಳಿದಿದ್ದು 400. ಟ್ರೇಲರ್‌ನ ಮೂತಿ ಕೊಕ್ಕೆಯ ಮೇಲೆ ಒತ್ತೋ ಭಾರವೂ ಈ ಲೆಕ್ಕಕ್ಕೇ ಬರುತ್ತೆ. ಅದನ್ನ ಟಂಗ್ ವೇಟ್ ಅಂತಾರೆ. ಅದು ಟ್ರೇಲರ್‌ನ ತುಂಬಿದ ತೂಕದ ನೂರಕ್ಕೆ 10ರಿಂದ 15 ಇರಲೇಬೇಕು. ನಮ್ಮ ಟ್ರೇಲರ್ ತುಂಬಿದಾಗ 4,700 ಅಂತಿಟ್ಟುಕೊಂಡರೂ ಕನಿಷ್ಠ 470.

ಅಂದರೆ ಟಂಗ್ ವೇಟ್ ಸರಿ ಇಟ್ಟರೆ ಕಾರು ಮಿತಿ ಮೀರುತ್ತೆ. ಕಾರು ಉಳಿಸೋಕೆ ಹೋದರೆ ಮೂತಿ ಹಗುರಾಗಿ ಟ್ರೇಲರ್ ಬಾಲ ಆಡಿಸುತ್ತೆ. ನಾನು ಫಿಕ್ಸ್ ಮಾಡಿದ ಬಗ್ ಇದೇ!

ಇದನ್ನ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅವರು ನಿವೃತ್ತ ಗಣಿತ ಮೇಷ್ಟ್ರು, ಹುಟ್ಟಿದ್ದು ಬೇಸಾಯದ ಮನೇಲಿ. ಒಂದು ಕ್ಷಣ ಸುಮ್ಮನಿದ್ದು, "ಹಿಂಭಾರ ಆಗಿದೆ ಕಣೋ. ಎತ್ತಿನಗಾಡೀಲಿ ಹಿಂದಕ್ಕೆ ಹುಲ್ಲು ಹೇರಿದ್ರೆ ಮೂಕಿ ಮೇಲೇಳುತ್ತೆ, ಎತ್ತಿಗೆ ಹಿಡಿತ ತಪ್ಪುತ್ತೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾ?" ಅಂದರು. ನಾನೇನು ಹೇಳಲಿ?

ಮುಂದಿನ ಪ್ರಶ್ನೆ, ಯಾವ ಗಾಡಿ? ಎಲ್ಲರೂ ಹೇಳಿದ್ದು ಪಿಕಪ್ ಟ್ರಕ್. ಆದರೆ ಅದರಲ್ಲಿ ಐದು, ಹೆಚ್ಚೆಂದರೆ ಆರು ಸೀಟು. ಎರಡು ಮಕ್ಕಳ ಸೀಟು ಹಾಕಿದ ಮೇಲೆ ಅಪ್ಪನ ಮಂಡಿಗೆ ಜಾಗ ಎಲ್ಲಿ? "ನಾವು ಹಿಂದೆ ಟ್ರೇಲರ್‌ನಲ್ಲೇ ಮಲಗಿ ಬರ್ತೀವಿ" ಅಂದರು ಅಮ್ಮ. ಓಡೋ ಟ್ರಾವೆಲ್ ಟ್ರೇಲರ್ ಒಳಗೆ ಜನ ಇರೋದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಹಾಗಾಗಿ ದೊಡ್ಡ ವ್ಯಾನ್.

ನೋಡಿದ್ದು ನಾಲ್ಕು. ಫೋರ್ಡ್ ಟ್ರಾನ್ಸಿಟ್ ಓಡಿಸೋಕೆ ಎಲ್ಲಕ್ಕಿಂತ ಹಿತ. ಟರ್ಬೊ ಎಂಜಿನ್ ಇರೋದರಿಂದ ಎತ್ತರದ ಬೆಟ್ಟದಲ್ಲೂ ಸುಸ್ತಾಗಲ್ಲ. ಆದರೆ ನಾನು ನೋಡಿದ ಪ್ಯಾಸೆಂಜರ್ ಮಾದರಿಗಳ ಎಳೆಯೋ ಮಿತಿ ಏಳು ಸಾವಿರದೊಳಗೇ ಇತ್ತು. ಮರ್ಸಿಡಿಸ್ ಸ್ಪ್ರಿಂಟರ್ ಚೆಂದ, ಬೆಲೆಯೂ ಚೆಂದ, ಅವುಗಳಲ್ಲಿ ಬಹಳಷ್ಟಕ್ಕೆ 5,000 ಪೌಂಡೇ ಮಿತಿ. ರಾಮ್ ಪ್ರೊಮಾಸ್ಟರ್ ಮುಂದಿನ ಚಕ್ರ ಎಳೆಯೋ ಗಾಡಿ. ಹಿಂದೆ ಭಾರ ಬಿದ್ದಷ್ಟೂ ಮುಂದಿನ ಹಿಡಿತ ಕಡಿಮೆ. ಅಮೆರಿಕದಲ್ಲಿ ಅದಕ್ಕೆ ಪ್ಯಾಸೆಂಜರ್ ಮಾದರಿಯೂ ಇಲ್ಲ. ಉಳಿದಿದ್ದು ಎಕ್ಸ್‌ಪ್ರೆಸ್. 1996ರಿಂದ ಹೆಚ್ಚು ಬದಲಾಗದ, ಟ್ರಕ್ಕಿನ ಹಾಗೆ ಚಾಸಿ ಮೇಲೆ ಕೂತ ಹಳೇ ಕಾಲದ ವ್ಯಾನ್. 6 ಲೀಟರ್ ವಿ8 ಎಂಜಿನ್, ಒಂಬತ್ತು ಸಾವಿರ ಪೌಂಡ್ ಮೀರಿ ಎಳೆಯುತ್ತೆ.

ಉದ್ದ ಮಾದರಿ ಬೇಡ ಅಂದೆ. ಹದಿನೈದು ಸೀಟಿನ ವ್ಯಾನ್‌ಗಳಲ್ಲಿ ಜನ ತುಂಬಿದಷ್ಟೂ ಮಗುಚೋ ಅಪಾಯ ಹೆಚ್ಚು ಅಂತ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯೇ ಎಚ್ಚರಿಸಿದೆ. ಹನ್ನೆರಡು ಸೀಟಿನದು ತಗೊಂಡು ಕೊನೇ ಬೆಂಚ್ ತೆಗೆಸಿದೆ. ಶಟಲ್ ಆಗಿದ್ದ ವ್ಯಾನ್ ಆದ್ದರಿಂದ ಮೈಲಿ ಒಂದೇ ನೋಡಲಿಲ್ಲ. ನಿಂತಲ್ಲೇ ಎಂಜಿನ್ ಓಡಿದ್ದು ಮೈಲಿ ಲೆಕ್ಕಕ್ಕೆ ಬರಲ್ಲ. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಡ್ಯಾಶ್‌ಬೋರ್ಡ್‌ನಲ್ಲೇ ಸಿಗುತ್ತೆ, ನೀವೂ ನೋಡಿ.

ಇದರ ಹಳದಿ ಸ್ಟಿಕರ್‌ನಲ್ಲಿ 3,210. ಜನ, ಸಾಮಾನು, ಕೊಕ್ಕೆಯ ಉಪಕರಣ 1,050. ಆಮೇಲೆ ಕೊಂಡ ನಮ್ಮ ಸ್ವಂತ ಟ್ರೇಲರ್ ಪೂರ್ತಿ ತುಂಬಿದರೆ 6,500, ಅದರ ನೂರಕ್ಕೆ 13 ಅಂದರೆ 845. ಎಲ್ಲ ಕಳೆದು 1,315 ಉಳೀತು. ಅಪ್ಪ ಹಾಸನದಲ್ಲಿ ಕ್ಯಾಲೆಂಡರ್ ಹಿಂದೆ ಇದೇ ಲೆಕ್ಕ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಕೆಳಗೆ ಕೆಂಪು ಇಂಕಲ್ಲಿ ಸರಿ ಗುರುತು.

ಕಷ್ಟಗಳೂ ಇವೆ. ಟ್ರೇಲರ್ ಇದ್ದಾಗ ಗ್ಯಾಲನ್‌ಗೆ ಹತ್ತು ಮೈಲಿ ಕೊಟ್ಟರೆ ಹಬ್ಬ. ಆಫೀಸಿನ ಪಾರ್ಕಿಂಗ್ ಕಟ್ಟಡದೊಳಗೆ ಹೋಗಲ್ಲ. ಟರ್ಬೊ ಇಲ್ಲದ ಎಂಜಿನ್ ಆದ್ದರಿಂದ ಪ್ರತಿ ಸಾವಿರ ಅಡಿ ಏರಿದಾಗ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಇಳಿಯುತ್ತೆ, ಘಾಟಿಯಲ್ಲಿ ಲಾರಿಗಳ ಸಾಲಲ್ಲೇ ಹೋಗಬೇಕು. ಹೋಗ್ತೀವಿ.

ಈ ಜೂನ್‌ನಲ್ಲಿ ಅಪ್ಪ ಅಮ್ಮ ಮತ್ತೆ ಬಂದರು. ಹೊರಡೋ ಮುಂಚೆ ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್‌ಗೆ ಕರೆದುಕೊಂಡು ಹೋದೆ. ಲಾರಿ ತೂಗೋ ತಕ್ಕಡಿ. ಮುಂದಿನ ಚಕ್ರ, ಹಿಂದಿನ ಚಕ್ರ, ಟ್ರೇಲರ್, ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತೆ. ಟ್ರೇಲರ್ ಸಮೇತ ಒಮ್ಮೆ, ಬಿಚ್ಚಿ ವ್ಯಾನ್ ಒಂದನ್ನೇ ಒಮ್ಮೆ ತೂಗಿದರೆ ಟಂಗ್ ವೇಟ್ ಗೊತ್ತಾಗುತ್ತೆ. ನಮ್ಮದು 790 ಬಂತು, ಟ್ರೇಲರ್‌ನ ಒಟ್ಟು ತೂಕ 6,150. ಅಪ್ಪ ಮನಸ್ಸಲ್ಲೇ ಭಾಗಿಸಿ, "ಹದಿಮೂರಕ್ಕೆ ಚೂರು ಕಡಿಮೆ" ಅಂದರು. ಗ್ರೈಂಡರ್ ಈ ಸಲವೂ ಬಂದಿದೆ, ಚಕ್ರಗಳ ನೇರಕ್ಕೆ, ನೆಲದ ಮೇಲೆ ಕಟ್ಟಿ ಇಟ್ಟಿದ್ದೀವಿ.

ವಾಶೋ ಕಣಿವೆಯಲ್ಲಿ ನನ್ನ ಅಂಗೈ ಬೆವರಿತು, ಸುಳ್ಳು ಹೇಳಲ್ಲ. ಟ್ರಕ್ ಒಂದು ಪಕ್ಕದಲ್ಲಿ ಹಾದು ಹೋಯ್ತು. ವ್ಯಾನ್ ಸ್ವಲ್ಪ ಅಲುಗಿ ಸುಮ್ಮನಾಯ್ತು. ಯಾರೂ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ 8,100 ಅಡಿ ಮೀರಿದ ಕಾನ್ವೇ ಸಮ್ಮಿಟ್ ದಾಟಿದೆವು. ಕೆಳಗೆ ಇಡೀ ಮೋನೋ ಸರೋವರ ಹರಡಿಕೊಂಡಿತ್ತು.

ಗಾಡಿ ನಿಲ್ಲಿಸಿ ಹಿಂದೆ ತಿರುಗಿದೆ. ಅಮ್ಮ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಅಪ್ಪ ಮಾತ್ರ ಎಚ್ಚರವಾಗಿದ್ದರು. ಅವರ ಅಂಗಿ ಜೇಬಲ್ಲಿ, ಕನ್ನಡಕದ ಪಕ್ಕದಲ್ಲಿ, ತೂಕದ ಚೀಟಿ ಮಡಚಿಕೊಂಡು ಕೂತಿತ್ತು.